ಬೇಟೆಯಾದ ಜಿಂಕೆಗಳ ಲೆಕ್ಕ ಹೇಗೆ? ಬೇಟೆಗಾರರಿಗೇಕೆ ಅನುಮಾನ?

ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದಲ್ಲಿ 2024-25ರ ಬೇಟೆ ಋತುವಿನಲ್ಲಿ 4,76,880 ಜಿಂಕೆಗಳು ಬೇಟೆಯಾದವು ಎಂದು ಅಲ್ಲಿನ ವನ್ಯಜೀವಿ ಸಂಸ್ಥೆಯಾದ ಗೇಮ್ ಕಮಿಷನ್ ಪ್ರಕಟಿಸಿತು. ಅದರ ಹಿಂದಿನ ಋತುವಿನ ಸಂಖ್ಯೆ 4,30,010. ನೋಡಲು ನಿಖರವೆನಿಸುವ ಈ ಅಂಕಿಗಳು ಒಂದೊಂದಾಗಿ ಎಣಿಸಿ ಪಡೆದವಲ್ಲ, ಅಂದಾಜಿನವು. ಈ ಅಂದಾಜನ್ನು ನಂಬಬೇಕೇ ಬೇಡವೇ ಎಂಬ ವಾದ ಆ ರಾಜ್ಯದಲ್ಲಿ ಎರಡು ದಶಕಗಳಿಂದ ನಡೆದೇ ಇದೆ.

ಬಿಳಿಬಾಲದ ಜಿಂಕೆಯ ಬೇಟೆ ಅಲ್ಲಿ ಕಾನೂನುಬದ್ಧ. ಸರ್ಕಾರಿ ಕಡತಗಳಲ್ಲಿ ಇದನ್ನು 'ಬೇಟೆ' ಎನ್ನುವುದಕ್ಕಿಂತ 'ಕೊಯ್ಲು' ಎನ್ನುವುದೇ ರೂಢಿ. ಪ್ರಾಣಿಯನ್ನು ಬೆಳೆಯಂತೆ ಕಾಣುವ ಈ ಪದ ನಮ್ಮ ಕಿವಿಗೆ ವಿಚಿತ್ರವೆನಿಸೀತು. ಬಂದೂಕಿನ ಬೇಟೆ ಆರಂಭವಾಗುವ ದಿನ ಅನೇಕ ಶಾಲೆಗಳಿಗೆ ರಜೆ ಕೊಡುತ್ತಿದ್ದಷ್ಟು ಅದು ಜನಜೀವನದಲ್ಲಿ ಬೆರೆತಿತ್ತು. ಬಹುಕಾಲ ಈ ದಿನ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಮರುಸೋಮವಾರವಾಗಿತ್ತು. 2019ರಲ್ಲಿ ಅದನ್ನು ಶನಿವಾರಕ್ಕೆ ಬದಲಿಸಿದಾಗಲೂ ದೊಡ್ಡ ಗದ್ದಲವೇ ನಡೆಯಿತು.

ಮಾಂಸದ ಅಂಗಡಿಯಿಂದ ಕಚೇರಿಗೆ

ಜಿಂಕೆಯನ್ನು ಹೊಡೆದವನು ಅದನ್ನು ಸ್ಥಳದಿಂದ ಸಾಗಿಸುವ ಮೊದಲು ಪರವಾನಗಿಯೊಂದಿಗೆ ದೊರೆತ ಚೀಟಿಯನ್ನು ತುಂಬಿ ಅದರ ಕಿವಿಗೆ ಕಟ್ಟಬೇಕು. ಹತ್ತು ದಿನಗಳೊಳಗೆ ಅಂಚೆ ಕಾರ್ಡು, ದೂರವಾಣಿ ಅಥವಾ ಅಂತರ್ಜಾಲದ ಮೂಲಕ ಕಮಿಷನ್‌ಗೆ ವರದಿ ಸಲ್ಲಿಸಬೇಕು. ಇದು ಕಡ್ಡಾಯ. ಆದರೆ ವರದಿ ಕಳುಹಿಸುವವರು ಅರ್ಧಕ್ಕಿಂತ ಎಷ್ಟೋ ಕಡಿಮೆ. ಬಂದ ವರದಿಗಳನ್ನಷ್ಟೇ ಕೂಡಿದರೆ ನಿಜವಾದ ಸಂಖ್ಯೆಯ ಹತ್ತಿರಕ್ಕೂ ಹೋಗಲಾಗದು.

ಇಲ್ಲಿ ಕಮಿಷನ್ ಬಳಸುವ ಉಪಾಯ ಸರಳವಾದುದು. ಬೇಟೆಯ ಋತುವಿನಲ್ಲಿ ಅದರ ತಂಡಗಳು ಜಿಂಕೆಯ ಮಾಂಸವನ್ನು ಕತ್ತರಿಸಿಕೊಡುವ ಅಂಗಡಿಗಳಿಗೆ ತೆರಳಿ ಅಲ್ಲಿ ರಾಶಿ ಬಿದ್ದ ತಲೆಗಳನ್ನು ಪರೀಕ್ಷಿಸುತ್ತವೆ. ಹಲ್ಲಿನ ಸವೆತ ನೋಡಿ ವಯಸ್ಸು ಗುರುತಿಸುತ್ತವೆ, ಕಿವಿಯ ಚೀಟಿಯ ವಿವರ ಬರೆದುಕೊಳ್ಳುತ್ತವೆ. ಹೀಗೆ ಸಾವಿರಾರು ಜಿಂಕೆಗಳ ದಾಖಲೆ ಸಿದ್ಧವಾಗುತ್ತದೆ. ನಂತರ ಈ ಪಟ್ಟಿಯನ್ನು ಬೇಟೆಗಾರರು ಕಳುಹಿಸಿದ ವರದಿಗಳೊಂದಿಗೆ ತಾಳೆ ನೋಡಲಾಗುತ್ತದೆ.

ಒಂದು ಉದಾಹರಣೆ ಕಲ್ಪಿಸಿಕೊಳ್ಳಬಹುದು. ಒಂದು ವಲಯದ ಅಂಗಡಿಗಳಲ್ಲಿ ಸಿಬ್ಬಂದಿ 1,000 ಜಿಂಕೆಗಳನ್ನು ಕಂಡರು ಎನ್ನೋಣ. ಅವುಗಳಲ್ಲಿ 350ಕ್ಕೆ ಮಾತ್ರ ವರದಿ ಬಂದಿದ್ದರೆ ವರದಿಯ ಪ್ರಮಾಣ ಶೇ. 35. ಆ ವಲಯದಿಂದ ಬಂದ ಒಟ್ಟು ವರದಿ 3,500 ಆಗಿದ್ದರೆ, ಬೇಟೆಯಾದ ಜಿಂಕೆಗಳು ಸುಮಾರು 10,000 ಎಂದು ತೀರ್ಮಾನ. ಕೊಂಬಿನ ಗಂಡುಗಳಿಗೂ ಕೊಂಬಿಲ್ಲದ ಹೆಣ್ಣು ಮತ್ತು ಮರಿಗಳಿಗೂ ಪ್ರತ್ಯೇಕ ಲೆಕ್ಕ, ಪ್ರತಿ ವಲಯಕ್ಕೂ ಪ್ರತಿ ವರ್ಷಕ್ಕೂ ಪ್ರತ್ಯೇಕ ಲೆಕ್ಕ. ವರದಿಯ ಪ್ರಮಾಣ ವರ್ಷದಿಂದ ವರ್ಷಕ್ಕೆ, ವಲಯದಿಂದ ವಲಯಕ್ಕೆ ಏರಿಳಿಯುವುದೇ ಇದಕ್ಕೆ ಕಾರಣ.

ಈ ಗಣಿತ ಕರ್ನಾಟಕಕ್ಕೆ ಹೊಸತಲ್ಲ. ಗುರುತು ಮಾಡಿದವುಗಳಲ್ಲಿ ಎಷ್ಟು ಮತ್ತೆ ಕಣ್ಣಿಗೆ ಬಿದ್ದವು ಎಂಬುದರಿಂದ ಒಟ್ಟು ಸಂಖ್ಯೆಯನ್ನು ಊಹಿಸುವ ಇದೇ ತರ್ಕವನ್ನು ಕೆ. ಉಲ್ಲಾಸ ಕಾರಂತರು 1990ರ ದಶಕದಲ್ಲಿ ನಾಗರಹೊಳೆಯಲ್ಲಿ ಹುಲಿಗಳಿಗೆ ಅನ್ವಯಿಸಿದರು. ಅಲ್ಲಿ ಕಿವಿಯ ಚೀಟಿಯ ಬದಲು ಹುಲಿಯ ಪಟ್ಟೆಗಳು, ತಂಡದ ಬದಲು ಕ್ಯಾಮೆರಾ. ಹೆಜ್ಜೆಗುರುತಿನ ಎಣಿಕೆಯನ್ನು ನಂಬಿ ಕುಳಿತ ರಾಜಸ್ಥಾನದ ಸರಿಸ್ಕಾದಲ್ಲಿ ಒಂದು ಹುಲಿಯೂ ಉಳಿದಿಲ್ಲವೆಂದು 2005ರಲ್ಲಿ ಬಯಲಾದ ಮೇಲೆ ದೇಶದ ಹುಲಿ ಗಣತಿಯೂ ಇದೇ ದಾರಿ ಹಿಡಿಯಿತು.

ಆದರೂ ವಿಧಾನಕ್ಕೆ ಒಂದು ಷರತ್ತಿದೆ. ಅಂಗಡಿಗೆ ಜಿಂಕೆ ಕೊಂಡೊಯ್ಯುವವರೂ ಮನೆಯಲ್ಲೇ ಕತ್ತರಿಸಿಕೊಳ್ಳುವವರೂ ಒಂದೇ ಪ್ರಮಾಣದಲ್ಲಿ ವರದಿ ಕಳುಹಿಸುತ್ತಿರಬೇಕು. ಅಂಗಡಿಗೆ ಹೋಗುವವರು ಹೆಚ್ಚು ಶಿಸ್ತಿನವರಾಗಿದ್ದರೆ ಅಂದಾಜು ಕಡಿಮೆಯಾಗುತ್ತದೆ, ಸೋಮಾರಿಗಳಾಗಿದ್ದರೆ ಹೆಚ್ಚಾಗುತ್ತದೆ. ಸಂಖ್ಯೆಯನ್ನು ಉಬ್ಬಿಸಲಾಗಿದೆ ಎಂದು ದೂರುವವರು ಮೊದಲಿನ ಸಾಧ್ಯತೆಯನ್ನು ಸಾಮಾನ್ಯವಾಗಿ ಮರೆಯುತ್ತಾರೆ.

ಅನುಮಾನದ ಮೂಲ

ಅಪನಂಬಿಕೆಯ ಬೇರು ಗಣಿತಕ್ಕಿಂತ ನೀತಿಯಲ್ಲಿದೆ. ಜಿಂಕೆಗಳು ವಿಪರೀತ ಹೆಚ್ಚಿ ಕಾಡಿನ ಸಸಿಗಳನ್ನೆಲ್ಲ ಮೇಯುತ್ತಿವೆ, ಕಾಡು ಮರುಹುಟ್ಟು ಪಡೆಯುತ್ತಿಲ್ಲ ಎಂಬ ಕಾರಣ ನೀಡಿ ಪೆನ್ಸಿಲ್ವೇನಿಯಾ 2000ದ ಸುಮಾರಿಗೆ ಹೆಣ್ಣು ಜಿಂಕೆಗಳ ಬೇಟೆಗೆ ಒತ್ತು ಕೊಟ್ಟಿತು. 2002ರಲ್ಲಿ ಎಳೆಯ ಗಂಡುಗಳನ್ನು ಉಳಿಸಲು ಕೊಂಬಿನ ಕವಲುಗಳ ಮಿತಿ ವಿಧಿಸಿತು. ಆ ಋತುವಿನಲ್ಲಿ ಬೇಟೆ 5,17,529ಕ್ಕೆ ಏರಿ ದಾಖಲೆಯಾಯಿತು. 2005ರ ಹೊತ್ತಿಗೆ 3,54,390ಕ್ಕೆ ಇಳಿಯಿತು. ಅಜ್ಜನ ಕಾಲದಿಂದ ಕುಳಿತ ಅದೇ ಮರದಡಿ ದಿನವಿಡೀ ಕಾದು ಬರಿಗೈಯಲ್ಲಿ ಮರಳಿದವನಿಗೆ ಇದು ಯೋಜನೆಯ ಯಶಸ್ಸಾಗಿ ಕಾಣಲಿಲ್ಲ.

ಈ ನೀತಿಯ ಮುಖವಾಗಿದ್ದ ಜೀವವಿಜ್ಞಾನಿ ಗ್ಯಾರಿ ಆಲ್ಟ್ ಸಾರ್ವಜನಿಕ ಸಭೆಗಳಿಗೆ ಗುಂಡುನಿರೋಧಕ ಕವಚ ತೊಟ್ಟು ಹೋಗಬೇಕಾಯಿತೆಂದು ವರದಿಯಾಗಿತ್ತು. 2004ರ ಕೊನೆಗೆ ಅವರು ಹುದ್ದೆ ತೊರೆದರು. 2007ರಲ್ಲಿ ಬೇಟೆಗಾರರ ಸಂಘಟನೆಯೊಂದು ಕಮಿಷನ್ ವಿರುದ್ಧ ನ್ಯಾಯಾಲಯದ ಮೆಟ್ಟಿಲೇರಿತು. ಶಾಸಕಾಂಗದ ಸಮಿತಿಯೊಂದು ಹೊರಗಿನ ಸಂಸ್ಥೆಯಿಂದ ಪರಿಶೀಲನೆ ಮಾಡಿಸಿತು. 2010ರಲ್ಲಿ ಬಂದ ವರದಿ ಒಟ್ಟಾರೆ ಕಾರ್ಯಕ್ರಮ ವೈಜ್ಞಾನಿಕವಾಗಿದೆ ಎಂದಿತು. ಪರಿಶೀಲಿಸಿದವರೂ ಅದೇ ಬಳಗದವರಲ್ಲವೇ ಎಂಬ ಪ್ರಶ್ನೆ ಕೂಡಲೇ ಎದ್ದಿತು.

ಹಣದ ವಿಷಯವೂ ಇದೆ. ಕಮಿಷನ್‌ಗೆ ರಾಜ್ಯದ ಸಾಮಾನ್ಯ ತೆರಿಗೆಯ ಹಣ ಸಿಗುವುದಿಲ್ಲ. ಪರವಾನಗಿ ಶುಲ್ಕ, ತನ್ನ ಕಾಡುಗಳ ಮರ ಮತ್ತು ಅನಿಲದ ಆದಾಯ ಹಾಗೂ ಬಂದೂಕು-ಮದ್ದುಗುಂಡುಗಳ ಮೇಲಿನ ಕೇಂದ್ರ ತೆರಿಗೆಯ ಪಾಲು ಅದರ ಆಧಾರ. ಪರವಾನಗಿ ಮಾರಿದಷ್ಟೂ ಅದಕ್ಕೆ ಲಾಭ, ಆದ್ದರಿಂದ ಜಿಂಕೆ ಹೇರಳವೆಂದು ತೋರಿಸುತ್ತದೆ ಎಂಬುದು ಒಂದು ಗುಂಪಿನ ಆರೋಪ. ಆದರೆ ಶುಲ್ಕ ಏರಿಸುವ ಅಧಿಕಾರ ಶಾಸಕಾಂಗದ್ದು. 1999ರ ನಂತರ ಎರಡು ದಶಕಕ್ಕೂ ಹೆಚ್ಚು ಕಾಲ ಸಾಮಾನ್ಯ ಪರವಾನಗಿಯ ಶುಲ್ಕ ಏರಲಿಲ್ಲ. ಅತೃಪ್ತ ಬೇಟೆಗಾರರ ಸಿಟ್ಟು ಕಮಿಷನ್‌ನ ಬೊಕ್ಕಸವನ್ನೇ ತಟ್ಟಿತು.

ಎಲ್ಲವನ್ನೂ ಎಣಿಸಿದರೆ?

ಪ್ರತಿ ಜಿಂಕೆಯನ್ನೂ ಎಣಿಸಿದರೆ ಜಗಳ ಮುಗಿಯುವುದೇ? ನೆರೆಹೊರೆಯ ವಿಸ್ಕಾನ್ಸಿನ್ ಅಲ್ಲದಿದ್ದರೂ ಅಷ್ಟೇ ಬೇಟೆಪ್ರಿಯವಾದ ಆ ರಾಜ್ಯದಲ್ಲಿ 1953ರಿಂದ 2014ರವರೆಗೆ ಬೇಟೆಗಾರರು ಜಿಂಕೆಯನ್ನು ಖುದ್ದಾಗಿ ನೋಂದಣಿ ಕೇಂದ್ರಕ್ಕೆ ತಂದು ತೋರಿಸುತ್ತಿದ್ದರು. ಪೆಟ್ರೋಲ್ ಬಂಕು, ಮದ್ಯದಂಗಡಿಗಳ ಮುಂದೆ ಜನ ಸೇರಿ ಜಾತ್ರೆಯಂತಿರುತ್ತಿತ್ತು. ಬೇಟೆಯ ಸಂಖ್ಯೆಯ ಬಗ್ಗೆ ತಕರಾರು ಕಡಿಮೆ ಇತ್ತಾದರೂ, ಬೇಟೆಯಾದವುಗಳ ಲಿಂಗ ಮತ್ತು ವಯಸ್ಸಿನಿಂದ ಕಾಡಿನಲ್ಲಿ ಉಳಿದ ಜಿಂಕೆಗಳೆಷ್ಟು ಎಂದು ಲೆಕ್ಕ ಹಾಕುವ ಸೂತ್ರದ ಮೇಲೆ ಅನುಮಾನ ಬೆಳೆಯಿತು. 2011ರಲ್ಲಿ ರಾಜ್ಯಪಾಲ ಸ್ಕಾಟ್ ವಾಕರ್ ಟೆಕ್ಸಾಸ್‌ನ ಜೇಮ್ಸ್ ಕ್ರೋಲ್ ಅವರನ್ನು ಪರಿಶೀಲನೆಗೆ ಕರೆಸಿದರು. ಈ ಸೂತ್ರವನ್ನು ರಾಜ್ಯ ಮತ್ತು ಪ್ರಾದೇಶಿಕ ಮಟ್ಟದ ಪ್ರವೃತ್ತಿ ತಿಳಿಯಲು ಮಾತ್ರ ಬಳಸಬೇಕೆಂದು 2012ರ ಅವರ ವರದಿ ಸಲಹೆ ನೀಡಿತು. ಬೇಟೆಗಾರನಿಗೆ ಬೇಕಾದದ್ದು ತನ್ನ ಊರಿನ ಕಾಡಿನ ಲೆಕ್ಕ. ಸೂತ್ರ ದುರ್ಬಲವಾಗುವುದೂ ಅಲ್ಲಿಯೇ.

2015ರಲ್ಲಿ ವಿಸ್ಕಾನ್ಸಿನ್ ಸಹ ದೂರವಾಣಿ ಮತ್ತು ಅಂತರ್ಜಾಲದ ನೋಂದಣಿಗೆ ಬದಲಾಯಿತು. ದಶಕಗಳ ಕಾಲ ಅಂಚೆ ಸಮೀಕ್ಷೆಯನ್ನೇ ನೆಚ್ಚಿದ್ದ ಮಿಷಿಗನ್, 2022ರಿಂದ 72 ಗಂಟೆಗಳೊಳಗೆ ಅಂತರ್ಜಾಲದಲ್ಲಿ ವರದಿ ಮಾಡುವುದನ್ನು ಕಡ್ಡಾಯಗೊಳಿಸಿತು. ಪೆನ್ಸಿಲ್ವೇನಿಯಾದ ತಂಡಗಳು ಮಾತ್ರ ಋತು ಬಂದಾಗ ಮಾಂಸದ ಅಂಗಡಿಗಳ ಹಿತ್ತಲಿಗೆ ಹೋಗಿ ಕಿವಿಯ ಚೀಟಿಗಳನ್ನು ಓದುವ ಪದ್ಧತಿಯನ್ನೇ ಮುಂದುವರಿಸಿವೆ.