ಮಂತ್ರಿಪದವಿಯನ್ನು ಬಿಟ್ಟ ವಕೀಲ: ಗುಸ್ಟಾಫ್ ಹೈನೆಮನ್

ವಕೀಲಿ ವೃತ್ತಿಯಿಂದ ಮಂತ್ರಿಪದವಿಗೆ ಏರಿದವರು ಯಾವ ದೇಶದಲ್ಲಿಯೂ ಅಪರೂಪವಲ್ಲ. ಮಂತ್ರಿಪದವಿಯನ್ನು ತಾನಾಗಿ ಬಿಟ್ಟು, ಪುನಃ ಕೋರ್ಟಿನ ಮೆಟ್ಟಿಲು ಹತ್ತಿದವರು ಎಷ್ಟು ಮಂದಿ? ಜರ್ಮನಿಯ ಗುಸ್ಟಾಫ್ ಹೈನೆಮನ್ನನು ಅಂಥವನು. ಮುಂದೆ ಆತನು ಪಶ್ಚಿಮ ಜರ್ಮನಿಯ ರಾಷ್ಟ್ರಾಧ್ಯಕ್ಷನೂ ಆದನೆಂಬುದು ನಿಜ. ಆದರೆ ಈ ಲೇಖನದಲ್ಲಿ ಮುಖ್ಯವಾಗಿ ಹೇಳಬೇಕೆಂದಿರುವುದು ಆತನು 1950ರಲ್ಲಿ ಕೊಟ್ಟ ರಾಜೀನಾಮೆಯ ವಿಚಾರವನ್ನು.

ಹೈನೆಮನ್ನನು ಹುಟ್ಟಿದ್ದು 1899ರ ಜುಲೈ 23ರಂದು, ವೆಸ್ಟ್‌ಫೇಲಿಯಾ ಪ್ರಾಂತದ ಶ್ವೆಲ್ಮ್ ಎಂಬ ಊರಿನಲ್ಲಿ. ತಂದೆಗೆ ಎಸ್ಸೆನ್ ನಗರದ ಹೆಸರಾಂತ ಕ್ರುಪ್ ಉಕ್ಕಿನ ಕಾರ್ಖಾನೆಯಲ್ಲಿ ಕೆಲಸ. ಗಣಿಗಳೂ ಕುಲುಮೆಗಳೂ ತುಂಬಿದ ಎಸ್ಸೆನ್ನೇ ಮಗನಿಗೂ ಕರ್ಮಭೂಮಿಯಾಯಿತು. ನ್ಯಾಯಶಾಸ್ತ್ರವನ್ನು ಓದಿ 1926ರಲ್ಲಿ ಅಲ್ಲಿಯೇ ವಕೀಲಿ ಹಿಡಿದನು; ಎರಡು ವರ್ಷಗಳ ತರುವಾಯ ಕಲ್ಲಿದ್ದಲು ಮತ್ತು ಉಕ್ಕಿನ ವ್ಯವಹಾರದ ದೊಡ್ಡ ಕಂಪನಿಯೊಂದಕ್ಕೆ ಕಾನೂನು ಸಲಹೆಗಾರನಾದನು; 1936ರಲ್ಲಿ ಅದರ ನಿರ್ದೇಶಕ ಮಂಡಲಿಯನ್ನು ಸೇರಿದನು.

ಅಷ್ಟರಲ್ಲಿ ದೇಶ ಹಿಟ್ಲರನ ವಶವಾಗಿತ್ತು. ಹೈನೆಮನ್ನನು ನಾಜಿ ಪಕ್ಷಕ್ಕೆ ಸೇರಲಿಲ್ಲ. ಕ್ರೈಸ್ತ ಧರ್ಮಸಂಸ್ಥೆಯನ್ನು ಸರಕಾರದ ಕೈಗೊಂಬೆ ಮಾಡುವ ಯತ್ನವನ್ನು ಪ್ರತಿಭಟಿಸಿದ ಪ್ರಾಟೆಸ್ಟೆಂಟರ ಬಣದಲ್ಲಿ ಆತನು ದುಡಿದನು. ಆ ಬಣದ ಕರಪತ್ರಗಳು ಗುಟ್ಟಾಗಿ ಅಚ್ಚಾಗುತ್ತಿದ್ದುದು ಆತನ ಮನೆಯ ನೆಲಮಾಳಿಗೆಯಲ್ಲಿ. ಹಾಗೆಂದು ಆತನನ್ನು ಕಳಂಕವಿಲ್ಲದ ವೀರನೆಂದು ಬಣ್ಣಿಸುವುದು ಸರಿಯಲ್ಲ. ಯುದ್ಧಕಾಲದುದ್ದಕ್ಕೂ ಆತನು ಅದೇ ಕಂಪನಿಯ ನಿರ್ದೇಶಕನಾಗಿದ್ದನು. ಕಲ್ಲಿದ್ದಲಿಲ್ಲದೆ ಯುದ್ಧ ನಡೆಯುತ್ತದೆಯೆ? ಇದನ್ನು ಆತನೂ ಮರೆಯಲಿಲ್ಲವೆನ್ನಬೇಕು. ತಾವು ಸಾಲದಷ್ಟು ಧೈರ್ಯದಿಂದ ನಡೆದುಕೊಂಡೆವೆಂದು 1945ರ ಅಕ್ಟೋಬರಿನಲ್ಲಿ ಪ್ರಾಟೆಸ್ಟೆಂಟ್ ಮುಖಂಡರು ಷ್ಟುಟ್‌ಗಾರ್ಟಿನಲ್ಲಿ ಮಾಡಿದ ತಪ್ಪೊಪ್ಪಿಗೆಗೆ ಆತನ ಸಹಿಯೂ ಉಂಟು.

ಬಾಂಬುಗಳಿಂದ ಹಾಳಾಗಿದ್ದ ಎಸ್ಸೆನ್ನಿಗೆ ಆತನು 1946ರಿಂದ 1949ರವರೆಗೆ ಮೇಯರ್ ಆಗಿದ್ದನು. 1949ರ ಸೆಪ್ಟೆಂಬರಿನಲ್ಲಿ ಕೊನ್ರಾಡ್ ಅಡೆನಾವರನು ಪಶ್ಚಿಮ ಜರ್ಮನಿಯ ಮೊದಲ ಮಂತ್ರಿಮಂಡಲವನ್ನು ರಚಿಸಿದಾಗ ಹೈನೆಮನ್ನನಿಗೆ ಗೃಹಖಾತೆ ಬಂದಿತು.

ಮರುವರ್ಷ ಜೂನಿನಲ್ಲಿ ಕೊರಿಯಾ ಯುದ್ಧ ಹೊತ್ತಿಕೊಂಡಿತು. ಯೂರೋಪಿನಲ್ಲಿಯೂ ಹೀಗೆಯೇ ಆದೀತೆಂಬ ಭಯ ಎಲ್ಲೆಡೆ ಹಬ್ಬಿತು. ಆಗಸ್ಟ್ ಕೊನೆಯಲ್ಲಿ ಅಡೆನಾವರನು ಅಮೆರಿಕದ ಹೈಕಮಿಷನರನಾದ ಮೆಕ್‌ಕ್ಲಾಯ್‌ಗೆ ಒಂದು ಪತ್ರವನ್ನು ಕಳಿಸಿದನು: ಪಶ್ಚಿಮ ಯೂರೋಪಿನ ಸೈನ್ಯವೊಂದು ಏರ್ಪಟ್ಟರೆ ಅದಕ್ಕೆ ಜರ್ಮನ್ ಪಡೆಯನ್ನು ಒದಗಿಸಲು ತಾನು ಸಿದ್ಧನೆಂದು. ಮಂತ್ರಿಮಂಡಲಕ್ಕೆ ಇದು ಗೊತ್ತಾದದ್ದು ಆಮೇಲೆ! ಹೈನೆಮನ್ನನು ರಾಜೀನಾಮೆಯನ್ನು ಮುಂದಿಟ್ಟನು. ಅಕ್ಟೋಬರಿನಲ್ಲಿ ಪದವಿಯಿಂದ ಹೊರಬಂದನು.

ಆತನ ಆಕ್ಷೇಪಣೆ ಎರಡು ಬಗೆಯದು. ಇಷ್ಟು ದೊಡ್ಡ ವಿಷಯವನ್ನು ಸಹೋದ್ಯೋಗಿಗಳನ್ನು ಕೇಳದೆ ಒಬ್ಬನೇ ತೀರ್ಮಾನಿಸುವುದಾದರೆ ಮಂತ್ರಿಮಂಡಲವೆಂಬುದು ಏತಕ್ಕೆ? ಇದು ವಕೀಲನ ಪ್ರಶ್ನೆ. ಎರಡನೆಯದು ಇನ್ನೂ ಆಳವಾದುದು. ಎರಡು ಸಲ ಆಯುಧ ಹಿಡಿದು ಲೋಕವನ್ನು ಸುಟ್ಟ ಜರ್ಮನರು ಐದೇ ವರ್ಷಗಳಲ್ಲಿ ಮತ್ತೆ ಆಯುಧಕ್ಕೆ ಕೈಹಾಕಬಾರದು. ಹಾಕಿದರೆ ಒಡೆದ ದೇಶ ಒಂದುಗೂಡುವ ದಾರಿಯೂ ಮುಚ್ಚುವುದೆಂದು ಆತನ ನಂಬಿಕೆ. ಈ ಎರಡನೆಯ ಮಾತಿನಲ್ಲಿ ಚರಿತ್ರೆ ಸಂಪೂರ್ಣವಾಗಿ ಆತನ ಕಡೆಗಿಲ್ಲ. 1955ರಲ್ಲಿ ಪಶ್ಚಿಮ ಜರ್ಮನಿ ನೇಟೋ ಕೂಟವನ್ನು ಸೇರಿತು. 1990ರಲ್ಲಿ ಒಂದಾದ ಜರ್ಮನಿ ಆ ಕೂಟದಲ್ಲಿಯೇ ಉಳಿಯಿತು. ಮೊದಲನೆಯ ಮಾತು ಮಾತ್ರ ಇಂದಿಗೂ ಸವೆದಿಲ್ಲವೆಂದು ನನ್ನ ಎಣಿಕೆ.

ಮಾಜಿ ಮಂತ್ರಿ ಎಸ್ಸೆನ್ನಿಗೆ ಮರಳಿ ವಕೀಲಿಯನ್ನು ಮುಂದುವರಿಸಿದನು. ಬಂದ ಕಕ್ಷಿಗಾರರೋ, ಸೈನ್ಯಕ್ಕೆ ಸೇರಲು ಮನಸ್ಸೊಪ್ಪದ ತರುಣರು, ಯೆಹೋವನ ಸಾಕ್ಷಿಗಳೆಂಬ ಅಲ್ಪಸಂಖ್ಯಾತ ಪಂಥದವರು, ಇಂಥವರು. 1952ರಲ್ಲಿ ಹಳೆಯ ಪಕ್ಷವನ್ನು ತೊರೆದು ಸ್ವಂತ ಪಕ್ಷ ಕಟ್ಟಿದನು. ಮರುವರ್ಷದ ಚುನಾವಣೆಯಲ್ಲಿ ಅದಕ್ಕೆ ಬಿದ್ದುದು ನೂರಕ್ಕೆ 1.2 ಮತ! 1957ರಲ್ಲಿ ಅದನ್ನು ವಿಸರ್ಜಿಸಿ ಸೋಷಿಯಲ್ ಡೆಮೊಕ್ರಾಟ್ ಪಕ್ಷವನ್ನು ಸೇರಿದನು.

1966ರ ಡಿಸೆಂಬರಿನಲ್ಲಿ ಆತನು ನ್ಯಾಯಮಂತ್ರಿಯಾದನು. ಹದಿನಾರು ವರ್ಷಗಳ ಮೇಲೆ ಸಿಕ್ಕ ಅಧಿಕಾರವನ್ನು ಆತನು ಬಳಸಿದ ರೀತಿ ಗಮನಾರ್ಹ. ಮದುವೆಯ ಹೊರಗೆ ಹುಟ್ಟಿದ ಮಗುವಿಗೂ ಅದರ ತಂದೆಗೂ ನಂಟೇ ಇಲ್ಲವೆಂದು ಹಳೆಯ ಸಿವಿಲ್ ಸಂಹಿತೆ ಹೇಳುತ್ತಿತ್ತು. ಅಂಥ ಮಕ್ಕಳಿಗೂ ಸಮಾನ ಅವಕಾಶ ಕಲ್ಪಿಸಬೇಕೆಂದು 1949ರ ಸಂವಿಧಾನ ವಿಧಿಸಿದ್ದರೂ ಕಾನೂನು ಮಾತ್ರ ಆಗಿರಲಿಲ್ಲ. ಅದನ್ನು ಮುಂದೊತ್ತಿದವನು ಹೈನೆಮನ್ನನು. 1970ರ ಜುಲೈ 1ರಿಂದ ಅದು ಜಾರಿಗೆ ಬಂದಿತು. ದಂಡಸಂಹಿತೆಯ ಸುಧಾರಣೆಗೂ ಆತನು ದುಡಿದನು. 1969ರಲ್ಲಿ ಕಠಿಣ ಸೆರೆವಾಸದ ಪ್ರತ್ಯೇಕ ಶಿಕ್ಷೆ ರದ್ದಾಯಿತು. ವ್ಯಭಿಚಾರವೂ ವಯಸ್ಕ ಪುರುಷರ ಸಲಿಂಗಸಂಬಂಧವೂ ಅಪರಾಧಗಳ ಪಟ್ಟಿಯಿಂದ ಹೊರಬಿದ್ದವು.

1968ರ ಏಪ್ರಿಲಿನಲ್ಲಿ ವಿದ್ಯಾರ್ಥಿ ಮುಖಂಡ ರೂಡಿ ಡುಚ್ಕೆಯ ಮೇಲೆ ಗುಂಡು ಹಾರಿತು. ಬೀದಿ ಬೀದಿಗಳಲ್ಲಿ ಗಲಭೆ. ಆಗ ಮಂತ್ರಿಗಳಿಂದ ನಾವು ಎದುರುನೋಡುವುದು ಗದರಿಕೆಯನ್ನು. ಹೈನೆಮನ್ನನಾದರೋ ಬಾನುಲಿಯಲ್ಲಿ ಮಾತನಾಡುತ್ತ, ಇತರರತ್ತ ಒಂದು ಬೆರಳು ಚಾಚುವವನ ಕೈಯಲ್ಲಿ ಮೂರು ಬೆರಳುಗಳು ಅವನತ್ತಲೇ ತಿರುಗಿರುತ್ತವೆಂದು ಹಿರಿಯರಿಗೂ ನೆನಪು ಮಾಡಿಕೊಟ್ಟನು. ವಿದ್ಯಾರ್ಥಿಗಳಾದ ನಮಗೆ ಇದು ಹಿತವಾಗಿ ಕೇಳಿಸುವುದು ಸಹಜ. ಆದರೆ ಕಲ್ಲು ತೂರಿದವರನ್ನೂ ಆತನು ಬಿಟ್ಟುಕೊಡಲಿಲ್ಲವೆಂಬುದನ್ನು ಗಮನಿಸಬೇಕು.

1969ರ ಮಾರ್ಚ್ 5ರಂದು ಬರ್ಲಿನ್ನಿನಲ್ಲಿ ರಾಷ್ಟ್ರಾಧ್ಯಕ್ಷನ ಚುನಾವಣೆ ನಡೆಯಿತು. ಮೂರನೆಯ ಸುತ್ತಿನಲ್ಲಿ ಹೈನೆಮನ್ನನಿಗೆ 512, ಪ್ರತಿಸ್ಪರ್ಧಿಗೆ 506 ಮತ. ರಾಷ್ಟ್ರವನ್ನು ಪ್ರೀತಿಸುವಿರಾ ಎಂದು ಕೇಳಿದವರಿಗೆ, ತಾನು ಪ್ರೀತಿಸುವುದು ತನ್ನ ಹೆಂಡತಿಯನ್ನು ಎಂದು ಆತನು ಉತ್ತರವಿತ್ತನಂತೆ. 1974ರಲ್ಲಿ ಎರಡನೆಯ ಅವಧಿಗೆ ನಿಲ್ಲಲು ಒಪ್ಪದೆ ಎಸ್ಸೆನ್ನಿಗೆ ಹಿಂದಿರುಗಿದನು. 1976ರ ಜುಲೈ 7ರಂದು ಅಲ್ಲಿಯೇ ತೀರಿಕೊಂಡನು.