ನಾಯಿಯ ಹಳದಿ ವಾಂತಿ: ಮಾತ್ರೆಗಿಂತ ಮೊದಲು ಊಟದ ಹೊತ್ತು ನೋಡಿ

ಬೆಳಗಿನ ಜಾವ ನಾಯಿ ಹಳದಿ ನೊರೆ ಕಕ್ಕಿದರೆ ‘ಆಸಿಡಿಟಿ’ ಎಂದುಕೊಂಡು ಮನೆಯವರ ಗ್ಯಾಸ್ಟ್ರಿಕ್ ಮಾತ್ರೆಯನ್ನೇ ಅದರ ಬಾಯಿಗೆ ಹಾಕುವವರಿದ್ದಾರೆ. ಆದರೆ ಜಠರದ ಆಮ್ಲಕ್ಕೆ ಬಣ್ಣವಿಲ್ಲ. ಹಳದಿ ಬರುವುದು ಪಿತ್ತರಸದಿಂದ. ರಾತ್ರಿ ಬೇಗ ಉಂಡ ನಾಯಿಯ ಹೊಟ್ಟೆ ಬೆಳಗಾಗುವಷ್ಟರಲ್ಲಿ ಬರಿದಾಗುತ್ತದೆ. ಆಗ ಸಣ್ಣ ಕರುಳಿನ ಪಿತ್ತರಸ ಹಿಮ್ಮುಖವಾಗಿ ಜಠರಕ್ಕೆ ಬಂದು ಒಳಪದರವನ್ನು ಕೆರಳಿಸುತ್ತದೆ, ವಾಂತಿಯಾಗುತ್ತದೆ.

ಮಿಕ್ಕಂತೆ ಲವಲವಿಕೆಯಿಂದಿರುವ ನಾಯಿಗೆ ಇದರ ಮೊದಲ ಮದ್ದು ಊಟವೇ. ದಿನದ ಆಹಾರವನ್ನು ಹೆಚ್ಚಿಸದೆ ಮೂರು ಅಥವಾ ನಾಲ್ಕು ಪಾಲು ಮಾಡಿ, ಒಂದು ಪಾಲನ್ನು ಮಲಗುವ ಮುನ್ನ ಕೊಡಿ. ಎಣ್ಣೆ, ಜಿಡ್ಡು, ಮಸಾಲೆಯ ಉಳಿಕೆ ಬೇಡ. ಜಿಡ್ಡಿನ ಆಹಾರ ಜಠರದಿಂದ ನಿಧಾನವಾಗಿ ಹೊರಹೋಗುತ್ತದೆ.

ಆಮ್ಲ ನಾಯಿಯ ಶತ್ರುವಲ್ಲ. ಮಾಂಸ ಜೀರ್ಣವಾಗಲು, ರೋಗಾಣು ಸಾಯಲು ಅದು ಬೇಕು. ಆಹಾರ ಹೊಟ್ಟೆ ತಲುಪುವ ಮುನ್ನವೇ ಜಠರರಸ ಸುರಿಯುತ್ತದೆ ಎಂಬುದನ್ನು ರಷ್ಯಾದ ಇವಾನ್ ಪಾವ್ಲೋವ್ ತೋರಿಸಿಕೊಟ್ಟದ್ದು ನಾಯಿಗಳ ಮೇಲಿನ ಪ್ರಯೋಗಗಳಿಂದಲೇ. ಜೀರ್ಣಕ್ರಿಯೆಯ ಆ ಸಂಶೋಧನೆಗೆ 1904ರಲ್ಲಿ ನೊಬೆಲ್ ಬಂತು. ಈ ಆಮ್ಲದಿಂದ ಜಠರವನ್ನು ಕಾಯುವುದು ಲೋಳೆಯ ಪದರ. ಅದು ಹಾಳಾದಾಗಲೇ ಹುಣ್ಣು.

ಅದನ್ನು ಹಾಳುಮಾಡುವುದರಲ್ಲಿ ಮನುಷ್ಯರ ನೋವಿನ ಮಾತ್ರೆಗಳು ಮುಂದು. ಐಬುಪ್ರೊಫೆನ್, ಡೈಕ್ಲೊಫೆನಾಕ್‌ಗಳು ಲೋಳೆಯನ್ನು ಕಾಪಾಡುವ ಪ್ರೊಸ್ಟಾಗ್ಲಾಂಡಿನ್‌ ತಯಾರಾಗದಂತೆ ತಡೆಯುತ್ತವೆ. ನಾಯಿ ಕುಂಟಿತೆಂದು ಇವನ್ನು ಕೊಡಲೇಬೇಡಿ. ಮೂತ್ರಪಿಂಡ, ಯಕೃತ್ತಿನ ಕಾಯಿಲೆಗಳಿಂದಲೂ, ಚರ್ಮದ ಮಾಸ್ಟ್ ಕೋಶಗಳ ಗಡ್ಡೆಯಿಂದಲೂ ಹುಣ್ಣಾಗಬಹುದು. ಹಾಗಾಗಿ ವಾಂತಿ ಮರುಕಳಿಸಿದರೆ ರಕ್ತಪರೀಕ್ಷೆ, ಸ್ಕ್ಯಾನಿಂಗ್ ಬೇಕಾಗುತ್ತದೆ.

ಹುಣ್ಣು ಖಚಿತವಾದರೆ ಪಶುವೈದ್ಯರು ಸಾಮಾನ್ಯವಾಗಿ ಬರೆದುಕೊಡುವುದು ಒಮೆಪ್ರಜೋಲ್. ಜಠರದ ಕೋಶಗಳಲ್ಲಿ ಆಮ್ಲವನ್ನು ಹೊರಗೆ ತಳ್ಳುವ ಪಂಪುಗಳನ್ನೇ ಇದು ನಿಲ್ಲಿಸುತ್ತದೆ. ಬರಿ ಹೊಟ್ಟೆಯಲ್ಲಿ, ಊಟಕ್ಕೆ ಸ್ವಲ್ಪ ಮೊದಲು, ನಾಯಿಗಳಿಗೆ ಹೆಚ್ಚಾಗಿ ದಿನಕ್ಕೆ ಎರಡು ಸಲ. ಪೂರ್ತಿ ಪರಿಣಾಮಕ್ಕೆ ಕೆಲವು ದಿನ ಬೇಕು. ಆಮ್ಲ ತಗ್ಗಿಸುವ ಇನ್ನೊಂದು ಮಾತ್ರೆ ಫ್ಯಾಮೊಟಿಡಿನ್ ಬೇಗ ಕೆಲಸ ಮಾಡಿದರೂ ದಿನವೂ ಕೊಡುತ್ತಾ ಹೋದರೆ ಶಕ್ತಿ ಕಳೆದುಕೊಳ್ಳುತ್ತದೆ. ಒಮೆಪ್ರಜೋಲನ್ನು ಮೂರು–ನಾಲ್ಕು ವಾರ ಮೀರಿ ಕೊಟ್ಟಿದ್ದರೆ ಹಂತಹಂತವಾಗಿ ಇಳಿಸಬೇಕು. ಒಮ್ಮೆಲೇ ನಿಲ್ಲಿಸಿದರೆ ಆಮ್ಲ ಮೊದಲಿಗಿಂತ ಜೋರಾಗಿ ಉಕ್ಕಬಹುದು. ಪ್ರಮಾಣ ನಿರ್ಧಾರವಾಗುವುದು ನಾಯಿಯ ತೂಕದ ಮೇಲೆ, ವೈದ್ಯರೇ ಹೇಳಬೇಕು. ಅಡುಗೆ ಸೋಡಾ ಬೇಡ, ಅದರ ಸೋಡಿಯಂ ನಾಯಿಗೆ ಅಪಾಯ. ಸಕ್ಕರೆರಹಿತ ಸಿರಪ್ ಕೊಡುವ ಮುನ್ನ ಚೀಟಿ ಓದಿ: ಕೆಲವುಗಳಲ್ಲಿರುವ ಕ್ಸೈಲಿಟಾಲ್ ನಾಯಿಗೆ ವಿಷ.

ಕೆಲವು ಲಕ್ಷಣಗಳನ್ನು ಕಂಡರೆ ಮನೆಮದ್ದಿಗೆ ಒಂದು ಗಳಿಗೆಯನ್ನೂ ಕಳೆಯಬಾರದು. ಡಾಂಬರಿನಂತೆ ಕಪ್ಪಾದ ಮಲ, ಕಾಫಿಪುಡಿಯಂಥ ಅಥವಾ ರಕ್ತ ಬೆರೆತ ವಾಂತಿ, ನೀರೂ ನಿಲ್ಲದಿರುವುದು, ಬಿಳಿಚಿದ ಒಸಡು. ಗ್ರೇಟ್ ಡೇನ್, ಜರ್ಮನ್ ಶೆಫರ್ಡ್‌ನಂಥ ಆಳ ಎದೆಯ ದೊಡ್ಡ ನಾಯಿಗಳು ಹೊಟ್ಟೆ ಉಬ್ಬಿ, ಏನೂ ಹೊರಬಾರದೆ ಓಕರಿಸುತ್ತಿದ್ದರೆ ಜಠರವೇ ತಿರುಚಿಕೊಂಡಿರಬಹುದು. ಶಸ್ತ್ರಚಿಕಿತ್ಸೆ ತಡವಾದರೆ ಕೆಲವೇ ಗಂಟೆಗಳಲ್ಲಿ ಪ್ರಾಣ ಹೋಗುತ್ತದೆ.

ನಾಯಿಗೆ ತನ್ನ ನೋವು ಹೇಳಲು ಬಾರದು. ವಾಂತಿಯ ಹೊತ್ತು, ಬಣ್ಣ, ಹಿಂದಿನ ದಿನ ತಿಂದದ್ದು, ಕೊಟ್ಟ ಔಷಧಿ, ಇಷ್ಟನ್ನು ಬರೆದಿಟ್ಟು ಸಾಧ್ಯವಾದರೆ ಫೋಟೊ ಸಮೇತ ವೈದ್ಯರ ಮುಂದಿಡಿ. ಸರಿಯಾದ ಚಿಕಿತ್ಸೆಗೆ ಅರ್ಧ ದಾರಿ ಅಲ್ಲೇ ಸಿಗುತ್ತದೆ.