ಒಂದು ‘ಕೇಳು’, ಮೂರು ಇಂಗ್ಲಿಷ್

ಕನ್ನಡದಲ್ಲಿ ಪ್ರಶ್ನೆ ಕೇಳುತ್ತೇವೆ, ಹಾಡು ಕೇಳುತ್ತೇವೆ, ದೂರದ ಗುಡುಗೂ ಕೇಳುತ್ತದೆ. ತಮಿಳಿನ ‘ಕೇಳ್’ ಕೂಡ ಇಷ್ಟೇ ಧಾರಾಳಿ. ಇಂಗ್ಲಿಷಿಗೆ ಹೋದರೆ ಈ ಒಟ್ಟು ಕುಟುಂಬ ಪಾಲಾಗಿ ಆಸ್ಕ್, ಲಿಸನ್, ಹಿಯರ್ ಎಂದು ಮೂರು ಒಲೆ ಹೂಡುತ್ತದೆ. ‘ನೋಡು’ ಕೂಡ ಸೀ, ಲುಕ್, ವಾಚ್ ಎಂದು ಒಡೆಯುತ್ತದೆ. ಚೆನ್ನೈನ ಪುರಸೈವಾಕ್ಕಂ ಹುಡುಗನೂ ಬೆಂಗಳೂರಿನ ಹುಡುಗಿಯೂ ಇಂಗ್ಲಿಷ್ ಕಲಿಯುವಾಗ ಒಂದೇ ಕಡೆ ಎಡವುವುದು ಇದರಿಂದಲೇ.

ಇಂಥ ಪದಗಳನ್ನು ಇಂಗ್ಲಿಷಿನ ಪಕ್ಕ ಕೂರಿಸಿ ಅಚ್ಚು ಹಾಕಿದ ಆರಂಭದ ದೊಡ್ಡ ಕೆಲಸಗಳಲ್ಲೊಂದು ನಡೆದದ್ದು ಪುರಸೈವಾಕ್ಕಂಗೆ ಅಂಟಿಕೊಂಡ ವೇಪೇರಿಯಲ್ಲಿ. 1761ರಲ್ಲಿ ಇಂಗ್ಲಿಷರು ಫ್ರೆಂಚರಿಂದ ಪುದುಚೇರಿಯನ್ನು ಗೆದ್ದಾಗ ಅಲ್ಲಿನ ಮುದ್ರಣಯಂತ್ರವನ್ನೂ ಮದ್ರಾಸಿಗೆ ಸಾಗಿಸಿದರು. ಅದು ವೇಪೇರಿಯ ಜರ್ಮನ್ ಪಾದ್ರಿ ಫ್ಯಾಬ್ರಿಷಿಯಸ್ ಕೈಸೇರಿತು. 1779ರಲ್ಲಿ ಅವರ ತಮಿಳು–ಇಂಗ್ಲಿಷ್ ನಿಘಂಟು ಅಲ್ಲೇ ಹೊರಬಂತು. ಬಳ್ಳಾರಿಯಲ್ಲಿದ್ದ ಪಾದ್ರಿ ವಿಲಿಯಂ ರೀವ್ ಅವರ ಇಂಗ್ಲಿಷ್–ಕನ್ನಡ ನಿಘಂಟು 1824ರಲ್ಲಿ ಅಚ್ಚಾದದ್ದೂ ಮದ್ರಾಸಿನಲ್ಲೇ.

ನಿಘಂಟು ಪದ ಕೊಡುತ್ತದೆ. ಯಾವುದನ್ನು ಎಲ್ಲಿ ಬಳಸಬೇಕೆಂಬ ತಕರಾರು ಕಲಿಯುವವರ ಪಾಲಿಗೇ ಉಳಿಯುತ್ತದೆ.

ಆ ತಕರಾರನ್ನೇ ಪುಸ್ತಕ ಮಾಡಿದವರಲ್ಲಿ ಜಾರ್ಜ್ ಕ್ಲಿಫರ್ಡ್ ವಿಟ್‌ವರ್ತ್ ಒಬ್ಬರು. ಮುಂಬೈ ಪ್ರಾಂತ್ಯದಲ್ಲಿ ಅಧಿಕಾರಿಯಾಗಿದ್ದ ಅವರ ‘ಇಂಡಿಯನ್ ಇಂಗ್ಲಿಷ್’ 1907ರಲ್ಲಿ ಬಂತು. ಭಾರತೀಯರ ಬರವಣಿಗೆಯಲ್ಲಿ ಕಂಡ ನುಡಿಗಟ್ಟಿನ ತಪ್ಪುಗಳೇ ಅದರ ಸರಕು. ಅಂಥ ಪಟ್ಟಿಗಳು ಆಮೇಲೆ ಬೇಕಾದಷ್ಟು ಬಂದವು. ಆದರೆ ಬಹಳಷ್ಟು ತಪ್ಪುಗಳು ಅಡ್ಡಾದಿಡ್ಡಿಯಾದವಲ್ಲ, ತಾಯ್ನುಡಿಯ ನಿಯಮವನ್ನು ಚಾಚೂ ತಪ್ಪದೆ ಪಾಲಿಸಿದವು. ‘ಎರಡು ವರ್ಷದಿಂದ’, ‘ಸೋಮವಾರದಿಂದ’ ಎರಡಕ್ಕೂ ಕನ್ನಡದಲ್ಲಿ ‘ಇಂದ’ ಒಂದೇ ಸಾಕು. ಇಂಗ್ಲಿಷ್ ಅವಧಿಗೆ ‘ಫಾರ್’ ಬೇಡುತ್ತದೆ, ಆರಂಭದ ಹೊತ್ತಿಗೆ ‘ಸಿನ್ಸ್’. ಆದ್ದರಿಂದಲೇ ‘ಸಿನ್ಸ್ ಟೂ ಇಯರ್ಸ್’ ಹುಟ್ಟುತ್ತದೆ. ‘ಇದರ ಬಗ್ಗೆ ಚರ್ಚಿಸೋಣ’ ಎನ್ನುವವರ ಬಾಯಲ್ಲಿ ‘ಡಿಸ್ಕಸ್ ಅಬೌಟ್’ ಸಲೀಸು. ‘ಇವತ್ತೇ’ ಎಂಬುದರ ಏಕಾರ ‘ಟುಡೇ ಇಟ್‌ಸೆಲ್ಫ್’ ಆಗಿ ಬಾಲ ಬೆಳೆಸಿಕೊಳ್ಳುತ್ತದೆ.

1950ರ ದಶಕದಲ್ಲಿ ಮದ್ರಾಸ್ ರಾಜ್ಯದ ಶಾಲೆಗಳಿಗೆ ‘ಸ್ಟ್ರಕ್ಚರಲ್’ ವಿಧಾನ ಬಂತು. ವಾಕ್ಯದ ಮಾದರಿಗಳನ್ನು ಸುಲಭದಿಂದ ಕಷ್ಟಕ್ಕೆ ಜೋಡಿಸಿ, ಬಾಯಿಪಾಠವಾಗುವಷ್ಟು ಹೇಳಿಸುವುದು ಅದರ ರೀತಿ. ಮಕ್ಕಳು ತರಗತಿಯಲ್ಲಿ ಸರಿಯಾಗಿ ಒಪ್ಪಿಸಿದ್ದನ್ನು ಹೊರಗೆ ಬಳಸಲು ತಡವರಿಸುತ್ತಿದ್ದರು.

ಮದ್ರಾಸಿನ ಬ್ರಿಟಿಷ್ ಕೌನ್ಸಿಲ್‌ನಲ್ಲಿದ್ದ ಎನ್.ಎಸ್. ಪ್ರಭು ಈ ಕ್ರಮವನ್ನೇ ತಲೆಕೆಳಗು ಮಾಡಿದರು. ಬೆಂಗಳೂರಿನ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯನ್ನು ನೆಲೆಯಾಗಿಸಿಕೊಂಡು 1979ರಿಂದ 1984ರವರೆಗೆ ಬೆಂಗಳೂರು, ಮದ್ರಾಸ್, ಕಡಲೂರುಗಳ ಕೆಲವು ಶಾಲೆಗಳಲ್ಲಿ ಅವರ ಪ್ರಯೋಗ ನಡೆಯಿತು. ಅಲ್ಲಿ ವ್ಯಾಕರಣದ ಪಾಠಪಟ್ಟಿಯೇ ಇರಲಿಲ್ಲ. ಮಕ್ಕಳ ಮುಂದೆ ರೈಲ್ವೆ ವೇಳಾಪಟ್ಟಿ, ನಕ್ಷೆ ಇಟ್ಟು ಲೆಕ್ಕ ಬಿಡಿಸಲು ಹೇಳುತ್ತಿದ್ದರು. ಯಾವ ಗಾಡಿ ಮೊದಲು ತಲುಪುತ್ತದೆಂದು ಕಂಡುಹಿಡಿಯುವ ಗಡಿಬಿಡಿಯಲ್ಲಿ ಮಗುವಿನ ಗಮನ ಅರ್ಥದ ಮೇಲಿರುತ್ತದೆ. ವ್ಯಾಕರಣ ಅದರ ಬೆನ್ನಿಗೆ ಬರುತ್ತದೆ ಎಂಬುದು ಪ್ರಭು ಅವರ ವಾದ. ತಪ್ಪು ಬಂದರೆ ಶಿಕ್ಷಕರು ಸರಿಯಾದ ರೂಪವನ್ನು ಹಾಗೇ ನುಡಿದು ಮುಂದೆ ಸಾಗುತ್ತಿದ್ದರು. ಅದರ ಮೇಲೊಂದು ನಿಯಮದ ಪಾಠ ಇರಲಿಲ್ಲ.

ಅಲನ್ ಬೆರೆಟ್ಟಾ ಮತ್ತು ಅಲನ್ ಡೇವಿಸ್ ಹೊರಗಿನಿಂದ ಬಂದು ಫಲಿತಾಂಶ ಅಳೆದರು. 1985ರಲ್ಲಿ ಪ್ರಕಟವಾದ ಅವರ ವರದಿಯಂತೆ ವಾಕ್ಯರಚನೆಯ ಪರೀಕ್ಷೆಯಲ್ಲಿ ಹಳೆಯ ವಿಧಾನದ ಮಕ್ಕಳು ಮುಂದಿದ್ದರು. ಮಾಡಿ ತೋರಿಸುವ ಪರೀಕ್ಷೆಯಲ್ಲಿ ಪ್ರಯೋಗದ ಮಕ್ಕಳು. ಪ್ರಭು 1987ರಲ್ಲಿ ತಮ್ಮ ಅನುಭವವನ್ನು ಪುಸ್ತಕವಾಗಿಸಿದ ಮೇಲೆ ‘ಬೆಂಗಳೂರು ಪ್ರಾಜೆಕ್ಟ್’ ಎಂಬ ಹೆಸರು ಜಗತ್ತಿನ ಇಂಗ್ಲಿಷ್ ಶಿಕ್ಷಕರಿಗೆಲ್ಲ ಪರಿಚಿತವಾಯಿತು. ನಮ್ಮ ಪ್ರಶ್ನೆಪತ್ರಿಕೆಗಳು ಮಾತ್ರ ‘ಸಿನ್ಸ್’, ‘ಫಾರ್’ ಆರಿಸಿ ಬಿಟ್ಟ ಸ್ಥಳ ತುಂಬಿರಿ ಎಂದು ಈಗಲೂ ಕೇಳುತ್ತಿವೆ.